ಬೀದಿಯಲ್ಲಿ ಮಲಗುವ ಕಾರು

ಚಳಿ ದೇಶಗಳಲ್ಲಿ ಕಾರು ಇಟ್ಟುಕೊಂಡವರ ಬೆಳಗಿನ ಪಾಡನ್ನು ಟೊರಾಂಟೊ, ಷಿಕಾಗೋ ಕಡೆಯ ನೆಂಟರು ಕಳಿಸುವ ವಿಡಿಯೊಗಳಲ್ಲಿ ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಇನ್ನೂ ಕತ್ತಲು. ಕಾರಿನ ಮುಂದಿನ ಗಾಜು ಪೂರ್ತಿ ಬೆಳ್ಳಗಾಗಿದೆ. ಕೈಗವಸು ಹಾಕಿಕೊಂಡ ಒಬ್ಬರು ಅಂಗೈಯಗಲದ ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು, ಬಾನೆಟ್ಟಿನ ಮೇಲೆ ಬಾಗಿ, ಕರಕರ ಸದ್ದು ಮಾಡುತ್ತ ಹಿಮವನ್ನು ಹೆರೆಯುತ್ತಿದ್ದಾರೆ. ಇದು ಹವಾಮಾನದ ಕಾಟ, ಚಳಿ ಇರುವಲ್ಲಿ ಇದ್ದದ್ದೇ ಎಂದು ಹೆರೆಯುವವರೂ ನೋಡುವವರೂ ಅಂದುಕೊಳ್ಳುತ್ತಾರೆ. ಈ ಕೆಲಸದ ಚರಿತ್ರೆಯನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಚಳಿ ಹಳೆಯದು, ಗಾಜೂ ಹಳೆಯದು; ಬೆಳಗ್ಗೆ ಎದ್ದು ಗಾಜು ಹೆರೆಯುವ ಈ ಕೆಲಸಕ್ಕೆ ಮಾತ್ರ ಸುಮಾರು ನೂರು ವರ್ಷವಷ್ಟೇ. ಸೂರಿನಡಿ ರಾತ್ರಿ ಕಳೆಯುತ್ತಿದ್ದ ಕಾರು ಬಯಲಿಗೆ ಬಂದ ಮೇಲೆ ಇದು ಹುಟ್ಟಿತು. ಹುಟ್ಟಿದ ಮೇಲೆ ಇದನ್ನು ಯಂತ್ರಕ್ಕೆ ಒಪ್ಪಿಸಲು ತಯಾರಕರು ಮುಂದಾಗಲಿಲ್ಲ, ಒಪ್ಪಿಸಿ ಎಂದು ಕಾನೂನೂ ಕೇಳಲಿಲ್ಲ. ಮಾಲೀಕನ ತೋಳಿಗೇ ಬಿಟ್ಟುಬಿಟ್ಟರು.

ಮೊದಲು ಹಿಮ ಕೂರುವ ಬಗೆಯನ್ನು ನೋಡೋಣ. ವಾದದ ಅರ್ಧ ಅಲ್ಲೇ ಇದೆ. ಮೋಡವಿಲ್ಲದ, ಗಾಳಿ ಆಡದ ರಾತ್ರಿಯಲ್ಲಿ ಗಾಜು ತನ್ನ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಆದ್ದರಿಂದಲೇ ಥರ್ಮಾಮೀಟರು ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದಾಗಲೂ ಗಾಜಿನ ಮೇಲೆ ಗಾಳಿಯ ತೇವ ನೇರವಾಗಿ ಹಿಮವಾಗಿ ಕೂರಬಹುದು. ಗಾಜಿಗೆ ಎಷ್ಟು ಆಕಾಶ ಕಾಣುತ್ತದೋ ಅಷ್ಟು ಹಿಮ. ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವ ಪಕ್ಕದ ಕಿಟಕಿಗಳ ಮೇಲೆ ತೆಳ್ಳಗೆ, ಓರೆಯಾಗಿ ಒರಗಿರುವ ಮುಂದಿನ ಗಾಜಿನ ಮೇಲೆ ದಪ್ಪಗೆ. ದಟ್ಟ ಮರದಡಿ ನಿಲ್ಲಿಸಿದ ಕಾರು ಎಷ್ಟೋ ಸಲ ಪಾರಾಗುತ್ತದೆ. ತಗಡಿನ ಒಂದು ಚಪ್ಪರದಡಿ, ಗೋಡೆಗಳೇ ಇಲ್ಲದಿದ್ದರೂ, ಬಹುಮಟ್ಟಿಗೆ ಪಾರಾಗುತ್ತದೆ. ನಮ್ಮ ಗಡಿಯಾಚೆಯೇ ಇರುವ ಊಟಿಯಲ್ಲಿ, ಸುಮಾರು 2,240 ಮೀಟರ್ ಎತ್ತರದಲ್ಲಿ, ಡಿಸೆಂಬರ್ ಜನವರಿಯ ಶುಭ್ರ ರಾತ್ರಿಗಳಲ್ಲಿ ಹುಲ್ಲುಗಾವಲು ಬೆಳ್ಳಗಾಗುವುದು ಎಲ್ಲರಿಗೂ ಗೊತ್ತು. ಮೈಸೂರು, ಬೆಂಗಳೂರಿನಿಂದ ಹೋಗಿ ಬಯಲಲ್ಲಿ ನಿಂತ ಕಾರುಗಳ ಮೇಲೂ ಆ ಬಿಳಿ ಕೂರುತ್ತದೆ. ಪ್ರವಾಸಿಗರು ಕಾಫಿ ಮುಗಿಸಿ ಬರುವಷ್ಟರಲ್ಲಿ ಬಿಸಿಲು ಅದನ್ನು ಕರಗಿಸಿರುತ್ತದೆ. ಸ್ಕ್ರೇಪರಿನ ನೆನಪೂ ಯಾರಿಗೂ ಆಗುವುದಿಲ್ಲ. ಅಂದರೆ ಹಿಮ ಬಿದ್ದರಷ್ಟೇ ಸಾಲದು. ಕಾರು ಸೂರಿಲ್ಲದೆ ನಿಂತಿರಬೇಕು, ಒಡೆಯನಿಗೆ ಸೂರ್ಯ ಬರುವವರೆಗೆ ಕಾಯಲು ಪುರುಸೊತ್ತಿರಬಾರದು. ಆಗಲೇ ಅದು ಕೆಲಸವಾಗುವುದು.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಇವೆರಡೂ ಒಟ್ಟಿಗೆ ಸೇರುತ್ತಿದ್ದುದು ಅಪರೂಪ. ಕಾರು ಕುದುರೆಗಾಡಿಯ ವಾರಸುದಾರ. ಕುದುರೆಗೆ ಲಾಯವಿದ್ದಂತೆ ಕಾರಿಗೂ ಒಂದು ಕೊಟ್ಟಿಗೆ ಬೇಕೇ ಬೇಕಿತ್ತು. ಮರದ ಚೌಕಟ್ಟು, ಚರ್ಮದ ಸೀಟು, ಬಟ್ಟೆಯ ಮಡಚು ಮಾಡು, ಕುಂಚದಿಂದ ಪದರ ಪದರವಾಗಿ ಹಚ್ಚಿದ ವಾರ್ನಿಷು, ಇವು ಯಾವುವೂ ರಾತ್ರಿಯೆಲ್ಲ ಬಯಲಲ್ಲಿದ್ದು ಉಳಿಯುವಂಥವಲ್ಲ. ನಗರಗಳಲ್ಲಿ ಬಾಡಿಗೆ ಕೊಟ್ಟು ಕಾರು ಇರಿಸುವ ಸಾರ್ವಜನಿಕ ಗ್ಯಾರೇಜುಗಳಿದ್ದವು. ರೇಡಿಯೇಟರಿನ ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳುತ್ತದೆಂದು ಚಳಿಗಾಲದಲ್ಲಿ ರಾತ್ರಿ ನೀರು ಬಸಿಯುತ್ತಿದ್ದರು. ಅಮೆರಿಕದ ಉತ್ತರ ಭಾಗದಲ್ಲಿ ಎಷ್ಟೋ ಜನ ಆ ತಾಪತ್ರಯವೇ ಬೇಡವೆಂದು ಕಾರನ್ನು ಮರದ ತುಂಡುಗಳ ಮೇಲೆ ಎತ್ತಿಟ್ಟು, ವಸಂತ ಬಂದಮೇಲೆಯೇ ಕೆಳಗಿಳಿಸುತ್ತಿದ್ದರು. ರಸ್ತೆಗಳೂ ಚಳಿಗಾಲದ ಕಾರಿಗೆಂದು ಇರಲಿಲ್ಲ. ವರ್ಮಾಂಟಿನಂಥ ಕಡೆ ಹಿಮವನ್ನು ತೆಗೆದುಹಾಕುತ್ತಿರಲಿಲ್ಲ; ಕುದುರೆ ಎಳೆಯುವ ದೊಡ್ಡ ಮರದ ರೋಲರುಗಳಿಂದ ಅದುಮಿ ಗಟ್ಟಿ ಮಾಡುತ್ತಿದ್ದರು, ಅದು ಜಾರುಬಂಡಿಗೆ ಅನುಕೂಲ. ಇಷ್ಟಾಗಿಯೂ ಹೊರಟವನ ಮುಂದೆ ಇದ್ದುದು ನೆಟ್ಟಗೆ ನಿಂತ, ಎರಡು ಭಾಗದ ಗಾಜು. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದರ ಮೇಲಿನ ಅರ್ಧವನ್ನು ಮಡಚಿ ಅದರ ಮೇಲಿಂದಲೇ ನೋಡಬಹುದಿತ್ತು. ಮುಖಕ್ಕೆ ಚಳಿ ಹೊಡೆಯುತ್ತಿತ್ತು ನಿಜ, ಆದರೆ ಗಾಜು ಹೆರೆಯುವ ಗೊಡವೆ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: 1903ರಲ್ಲೇ ಅಲಬಾಮಾದ ಮೇರಿ ಆಂಡರ್ಸನ್ ಗಾಜಿನ ಮೇಲಿನ ಹಿಮ ಒರೆಸುವ ಸಾಧನಕ್ಕೆ ಪೇಟೆಂಟ್ ಪಡೆದಿದ್ದರಲ್ಲ, ಹಾಗಿದ್ದಮೇಲೆ ತೊಂದರೆ ಅದಕ್ಕೂ ಮುಂಚಿನದೇ ತಾನೆ? ಪೇಟೆಂಟು ನಿಜ, ಅದು ಆ ವರ್ಷದ ನವೆಂಬರ್ 10ರಂದು ಬಂತು. ಆದರೆ ಅದರ ಹುಟ್ಟಿನ ಸಂದರ್ಭ ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ. ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ನೋಡಿದ್ದು ಟ್ರಾಮು. ಹಿಮ ಬೆರೆತ ಮಳೆ ಗಾಜಿಗೆ ಅಂಟಿ ಚಾಲಕನಿಗೆ ದಾರಿ ಕಾಣುತ್ತಿರಲಿಲ್ಲ, ಗಾಜು ತೆರೆದುಕೊಂಡರೆ ಚಳಿಗೆ ಮೈ ಮರಗಟ್ಟುತ್ತಿತ್ತು. ಅದಕ್ಕೆ ಅವರು ಯೋಚಿಸಿದ್ದು ಒಳಗಿನಿಂದಲೇ ಎಳೆಯುವ ಒಂದು ಸನ್ನೆ, ಹೊರಗೆ ಗಾಜಿಗೆ ಒತ್ತಿಕೊಂಡು ಸರಿಯುವ ರಬ್ಬರಿನ ತೋಳು. ಚಳಿಗಾಲ ಕಳೆದಮೇಲೆ ಬಿಚ್ಚಿಡಬಹುದಾಗಿತ್ತು. ಇದು ಓಡುತ್ತಿರುವ ಬಂಡಿಯ ಮೇಲೆ ಬೀಳುವ ಹಿಮದ ಕಥೆ. ಟ್ರಾಮುಗಳು ರಾತ್ರಿ ಶೆಡ್ಡಿನಲ್ಲಿ ನಿಲ್ಲುತ್ತಿದ್ದವು; ಬೆಳಗ್ಗೆ ಅವುಗಳ ಗಾಜು ಹೆರೆಯುವ ಪ್ರಶ್ನೆ ಆ ಪೇಟೆಂಟಿನಲ್ಲಿ ಇಲ್ಲವೇ ಇಲ್ಲ. ಆಂಡರ್ಸನ್ನರಿಗೆ ಅದರಿಂದ ಬಿಡಿಗಾಸೂ ಸಿಗಲಿಲ್ಲ. 1905ರಲ್ಲಿ ಕೆನಡಾದ ಒಂದು ಸಂಸ್ಥೆ ಇದಕ್ಕೆ ವ್ಯಾಪಾರದ ಬೆಲೆ ಇಲ್ಲವೆಂದು ತಿರಸ್ಕರಿಸಿತು. 1920ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು, ಆಮೇಲೆ ವೈಪರ್ ಎಲ್ಲ ಕಾರುಗಳಿಗೂ ಬಂತು. ಅಂದಿನಿಂದ ಇಂದಿನವರೆಗೆ ವೈಪರಿನ ಕಸುಬು ಹೊಸದಾಗಿ ಬೀಳುವುದನ್ನು ಸರಿಸುವುದು. ರಾತ್ರಿಯೆಲ್ಲ ಕೂತು ಗಾಜಿಗೆ ಕಚ್ಚಿಕೊಂಡ ಐಸಿನ ಮುಂದೆ ಅದು ನಿಸ್ಸಹಾಯಕ. ಬಲವಂತ ಮಾಡಿದರೆ ರಬ್ಬರು ಹರಿಯುತ್ತದೆ, ಇಲ್ಲವೇ ಮೋಟರು ಸುಡುತ್ತದೆ.

ಕಾರನ್ನು ಬಯಲಿಗೆ ತಂದದ್ದು ಒಂದಾದ ಮೇಲೊಂದು ಬಂದ ಸುಧಾರಣೆಗಳು. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮೈತೆರೆದವು. 1920ರ ದಶಕ ಮುಗಿಯುವಷ್ಟರಲ್ಲಿ ಲೆಕ್ಕ ತಲೆಕೆಳಗಾಗಿ ಮುಚ್ಚಿದ ಕಾರುಗಳೇ ತುಂಬಿದವು. ಡುಪಾಂಟ್ ಕಂಪನಿಯ ಡ್ಯೂಕೊ ಬಣ್ಣ 1924ರ ಓಕ್‌ಲೆಂಡ್ ಕಾರುಗಳ ಮೇಲೆ ಬಂತು; ಅದು ಬೇಗ ಒಣಗುತ್ತಿತ್ತು, ಬಿಸಿಲು ಮಳೆಗೆ ಹಳೆಯ ವಾರ್ನಿಷಿಗಿಂತ ಚೆನ್ನಾಗಿ ತಡೆಯುತ್ತಿತ್ತು. 1927ರಲ್ಲಿ ಎಥಿಲೀನ್ ಗ್ಲೈಕಾಲಿನ ಪ್ರೆಸ್ಟೋನ್ ಮಾರುಕಟ್ಟೆಗೆ ಬಂತು. ಆವಿಯಾಗಿ ಹೋಗುವ ಆಲ್ಕೋಹಾಲನ್ನು ರೇಡಿಯೇಟರಿಗೆ ಮತ್ತೆ ಮತ್ತೆ ತುಂಬುವ ಕಾಟವಾಗಲಿ, ರಾತ್ರಿ ನೀರು ಬಸಿಯುವ ಕಾಟವಾಗಲಿ ಉಳಿಯಲಿಲ್ಲ. ಜನರಲ್ ಮೋಟಾರ್ಸ್ 1935ರ ಮಾದರಿಗಳಿಗೆ ಒಂದೇ ತಗಡಿನ ಉಕ್ಕಿನ ಮಾಡು ಕೊಟ್ಟಿತು. ಅಷ್ಟರಲ್ಲಿ ಹಿಮ ತಳ್ಳುವ ನೇಗಿಲುಬಂಡಿಗಳು ರಸ್ತೆಯನ್ನು ಚಳಿಗಾಲದಲ್ಲೂ ತೆರೆದಿಡತೊಡಗಿದ್ದವು. ಇವುಗಳಲ್ಲಿ ಒಂದೂ ಗಾಜಿನ ಹಿಮವನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಆದರೆ ಎಲ್ಲ ಸೇರಿ ಒಂದು ಮಾತನ್ನು ನಿಜವಾಗಿಸಿದವು: ಕಾರಿಗೆ ಇನ್ನು ಕೊಟ್ಟಿಗೆ ಬೇಕಿಲ್ಲ. ಮಡಚಲು ಬಾರದ, ವರ್ಷ ಕಳೆದಂತೆ ಹೆಚ್ಚು ಹೆಚ್ಚು ಒರಗುತ್ತ ಹೋದ ಗಾಜೊಂದು ರಾತ್ರಿಯಿಡೀ ಆಕಾಶ ನೋಡುತ್ತ ಮಲಗತೊಡಗಿತು. ಗಾಳಿಯನ್ನು ಸೀಳಿಕೊಂಡು ಹೋಗಲಿ ಎಂದು ಗಾಜನ್ನು ಓರೆ ಮಾಡಿದವರು ಅದಕ್ಕೆ ಕಾಣುವ ಆಕಾಶವನ್ನೂ ಹಿಗ್ಗಿಸಿದ್ದರು.

ಸರಕಾರಗಳಿಗೆ ಇದು ತಿಳಿದಿರಲಿಲ್ಲ ಎನ್ನುವಂತಿಲ್ಲ. ಜರ್ಮನಿಯಲ್ಲಿ 1939ರ ಗ್ಯಾರೇಜು ಕಾಯಿದೆ ಹೊಸ ಕಟ್ಟಡ ಕಟ್ಟುವವರು ವಾಹನಗಳಿಗೂ ಜಾಗ ಮಾಡಬೇಕೆಂದು ವಿಧಿಸಿತು. ಯುದ್ಧ ಮುಗಿದು ಜನಸಾಮಾನ್ಯರ ಕೈಗೆ ಕಾರು ಬಂದಾಗ ಹಳೆಯ ಬಡಾವಣೆಗಳಲ್ಲಿ ಅಂಥ ಜಾಗ ಎಲ್ಲಿತ್ತು? ಜನ ಬೀದಿಯಲ್ಲೇ ನಿಲ್ಲಿಸಿದರು. ಬೀದಿದೀಪದ ಗ್ಯಾರೇಜು ಎಂದು ಅದಕ್ಕೊಂದು ತಮಾಷೆಯ ಹೆಸರೂ ಬಂತು. ಹೀಗೆ ನಿಲ್ಲಿಸುವುದು ತಪ್ಪೋ ಸರಿಯೋ ಎಂಬ ವಾದ ಕೋರ್ಟಿಗೆ ಹೋಗಿ, 1966ರಲ್ಲಿ ಅಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ ಅದು ರಸ್ತೆಯ ಸಾಮಾನ್ಯ ಬಳಕೆಯೇ ಎಂದು ಒಪ್ಪಿಕೊಂಡಿತು. ಜಪಾನ್ ಬೇರೆ ದಾರಿ ಹಿಡಿದು, ಕಾರು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆ ಎಂದು ತೋರಿಸಬೇಕೆಂಬ ಕಾಯಿದೆಯನ್ನು 1962ರಲ್ಲಿ ತಂದಿತು. ಆದರೂ ಹೊಕ್ಕೈಡೊದ ಜನ ಬೆಳಗ್ಗೆ ಕಾರಿನ ಹಿಮ ತೆಗೆಯುತ್ತಲೇ ಇದ್ದಾರಲ್ಲ ಎಂದು ಕೇಳಬಹುದು. ಹೌದು, ಏಕೆಂದರೆ ಆ ಕಾಯಿದೆ ಕೇಳಿದ್ದು ಜಾಗವನ್ನು, ಸೂರನ್ನಲ್ಲ. ನಗರ ಯೋಜನೆಯ ನಿಯಮಗಳು ಬಹುತೇಕ ಎಲ್ಲ ಕಡೆಯೂ ಪಾರ್ಕಿಂಗನ್ನು ನೆಲದ ಅಳತೆಯಲ್ಲಿ, ಎಷ್ಟು ಕಾರು ಎಂಬ ಲೆಕ್ಕದಲ್ಲಿ ನೋಡುತ್ತವೆ. ಮೇಲೆ ಏನಿದೆ ಎಂಬ ಅಂಕಣ ಅಲ್ಲಿ ಇಲ್ಲ. ಇನ್ನು ಗ್ಯಾರೇಜಿನಲ್ಲಿ ಹಳೇ ಸಾಮಾನು ತುಂಬಿ ಕಾರನ್ನು ಅಂಗಳದಲ್ಲಿ ನಿಲ್ಲಿಸುವ ಬ್ರಿಟನ್ನಿನ, ಅಮೆರಿಕದ ಕುಟುಂಬಗಳೂ ಇವೆ. ಅವರದು ಸ್ವಂತ ಆಯ್ಕೆ, ಬೇಕೆಂದಾಗ ಬದಲಿಸಬಹುದು. ಮೂರನೆಯ ಮಹಡಿಯ ಬಾಡಿಗೆದಾರನಿಗೆ ಆ ಆಯ್ಕೆ ಇಲ್ಲ.

ಕಾರಿನೊಳಗೆ ಹೀಟರ್ ಬಂತಲ್ಲ, ಅದೇ ಗಾಜನ್ನೂ ಕಾಯಿಸುತ್ತದಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಎಂಜಿನ್ನಿನ ಬಿಸಿನೀರಿನಿಂದ ಗಾಳಿ ಕಾಯಿಸುವ ಹೀಟರುಗಳು 1930ರ ಹೊತ್ತಿಗೆ ಬಳಕೆಗೆ ಬಂದವು. 1938ರ ನ್ಯಾಶ್ ಕಾರು ಹೊರಗಿನ ಗಾಳಿಯನ್ನು ಒಳಗೆಳೆದು, ಸೋಸಿ, ಬಿಸಿಮಾಡಿ ಹರಿಸುವ ವ್ಯವಸ್ಥೆಯನ್ನು ಕೊಟ್ಟಿತು. ಇವೆಲ್ಲಕ್ಕೂ ಬಂಡವಾಳ ಎಂಜಿನ್ ಚೆಲ್ಲುವ ಶಾಖ. ಎಂಜಿನ್ ಕಾದ ಮೇಲೆ ಶಾಖ, ಓಡಿದ ಮೇಲೆ ಎಂಜಿನ್ ಕಾಯುವುದು, ಗಾಜು ತಿಳಿಯಾದ ಮೇಲೆ ಓಡುವುದು. ಹೀಗೆ ಸುತ್ತು ಹೊಡೆಯುವ ವ್ಯವಸ್ಥೆ ಇದು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಂತೂ ಎಂಜಿನ್ ಹಿಂದೆ, ಗಾಜು ಮುಂದೆ, ನಡುವೆ ಬಿಸಿನೀರೇ ಇಲ್ಲ. ಗಾಳಿಯಿಂದ ತಣಿಯುವ ಆ ಎಂಜಿನ್ನಿನ ಹೊಗೆಕೊಳವೆಯ ಸುತ್ತ ಕಾದ ಗಾಳಿ ಕಾರಿನ ಉದ್ದಕ್ಕೂ ಹರಿದು ಬರುವಷ್ಟರಲ್ಲಿ ಆರಿ ಹೋಗಿರುತ್ತಿತ್ತು. ಕಡುಚಳಿಯಲ್ಲಿ ಉಸಿರಿನ ತೇವ ಗಾಜಿನ ಒಳಮೈಯಲ್ಲೂ ಹೆಪ್ಪುಗಟ್ಟಿ, ಬೀಟಲ್ ಚಾಲಕರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಒಳಗಿನಿಂದ ಹೆರೆಯುತ್ತಿದ್ದರು. ಈ ಕಾರು ಎರಡು ಕೋಟಿಗೂ ಮೀರಿ ಮಾರಾಟವಾಯಿತು. ಗ್ರಾಹಕ ಗೊಣಗುತ್ತಾನೆ, ಆದರೂ ಕೊಳ್ಳುತ್ತಾನೆ ಎಂಬುದು ತಯಾರಕರಿಗೆ ಅಂಕಿಯಲ್ಲೇ ಸಿಕ್ಕ ಪಾಠ.

ನನ್ನ ವಾದಕ್ಕೆ ಇರುವ ಅತ್ಯಂತ ಗಟ್ಟಿ ಸಾಕ್ಷಿ ಕಾನೂನಿನ ಪುಸ್ತಕದಲ್ಲಿದೆ. 1977ರ ಡಿಸೆಂಬರಿನಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಗಾಜಿನ ಹಿಮ ಕರಗಿಸುವ ವ್ಯವಸ್ಥೆಯ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ಪರೀಕ್ಷೆಯ ವಿಧಾನ ಹೀಗೆ: ಕಾರನ್ನು ಮೈನಸ್ 8 ಅಥವಾ ಮೈನಸ್ 18 ಡಿಗ್ರಿಯ ಕೋಣೆಯಲ್ಲಿ ನಿಲ್ಲಿಸಬೇಕು, ಗಾಜಿನ ಮೇಲೆ ನೀರು ಸಿಂಪಡಿಸಿ ಚದರ ಸೆಂಟಿಮೀಟರಿಗೆ 0.044 ಗ್ರಾಂ ಐಸು ಕಟ್ಟಿಸಬೇಕು, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಆಮೇಲೆ ಎಂಜಿನ್ ಚಾಲೂ ಮಾಡಿ ಗಡಿಯಾರ ನೋಡಬೇಕು. 20 ನಿಮಿಷದಲ್ಲಿ ಚಾಲಕನ ಎದುರಿನ ಮುಖ್ಯ ಭಾಗದ 80 ಶೇಕಡ ತಿಳಿಯಾದರೆ, 40 ನಿಮಿಷದಲ್ಲಿ ಇನ್ನೂ ವಿಶಾಲವಾದ ಭಾಗದ 95 ಶೇಕಡ ತಿಳಿಯಾದರೆ ಕಾರು ಪಾಸು. ಅರ್ಧ ಮಿಲಿಮೀಟರ್ ಐಸನ್ನು ಸ್ಕ್ರೇಪರ್ ಹಿಡಿದ ಕೈ ಕೆಲವೇ ನಿಮಿಷಗಳಲ್ಲಿ ತೆಗೆಯುತ್ತದೆ. ಕೆಲಸಕ್ಕೆ ಹೊರಟವರು ಯಾರೂ ಕಾರಿನಲ್ಲಿ 20 ನಿಮಿಷ ಸುಮ್ಮನೆ ಕೂತಿರುವುದಿಲ್ಲ, ಇದು ನಿಯಮ ಬರೆದ ಎಂಜಿನಿಯರರಿಗೆ ಗೊತ್ತಿರದ ವಿಷಯವೇನಲ್ಲ. ಮೊದಲ ಹೆರೆತ ಮನುಷ್ಯನದು, ಉಳಿದದ್ದು ಯಂತ್ರದ್ದು ಎಂದು ಒಪ್ಪಿಕೊಂಡೇ ಬರೆದ ನಿಯಮ ಇದು. ಬ್ರೇಕಿನ ವಿಷಯದಲ್ಲಿ ಯಾರೂ ಹೀಗೆ ಬರೆಯಲಾರರು.

ಅತ್ತ ಸಂಚಾರ ನಿಯಮಗಳು ಅದೇ ಮನುಷ್ಯನನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತವೆ. ಬ್ರಿಟನ್ನಿನ ಹೈವೇ ಕೋಡ್ ಹೊರಡುವ ಮೊದಲು ಎಲ್ಲ ಗಾಜುಗಳ ಹಿಮ ತೆಗೆದಿರಲೇಬೇಕು ಎನ್ನುತ್ತದೆ. ಜರ್ಮನಿಯಲ್ಲಿ ಕಣ್ಣಳತೆಯ ಕಿಂಡಿಯಷ್ಟನ್ನೇ ಕೆರೆದುಕೊಂಡು ಓಡಿಸಿದರೆ ದಂಡ. ಸರಿ, ಎಂಜಿನ್ ಚಾಲೂ ಇಟ್ಟು ಹೀಟರಿನಿಂದಲೇ ಕರಗಿಸೋಣ ಎಂದರೆ, ನಿಂತ ಕಾರಿನ ಎಂಜಿನ್ ಸುಮ್ಮನೆ ಓಡಿಸುವುದೂ ಅಲ್ಲಿ ತಪ್ಪು. ಕಿಂಡಿಗೆ 10 ಯೂರೋ, ಹೊಗೆಗೆ 80 ಯೂರೋ. ಕುರುಡಾಗಿ ಓಡಿಸುವುದಕ್ಕಿಂತ ಹೊಗೆ ಬಿಡುವುದು ಎಂಟು ಪಟ್ಟು ದೊಡ್ಡ ಅಪರಾಧ ಎಂಬಂತಿರುವ ಈ ದರಪಟ್ಟಿಯನ್ನು ನೋಡಿ ನಗು ಬರುತ್ತದೆ, ಆದರೂ ಹೊಗೆಯ ನಿಯಮವನ್ನು ನಾನು ತೆಗಳಲಾರೆ. ಬೆಳಗಿನ ಜಾವ ಬೀದಿಯ ಮನೆಗಳವರು ಅದನ್ನೇ ಉಸಿರಾಡಬೇಕು. ಅಮೆರಿಕದ ಕೊಲರಾಡೋದಲ್ಲಿ ಚಾಲೂ ಇಟ್ಟು ಒಳಗೆ ಹೋದವರ ಕಾರನ್ನು ಕಳ್ಳರು ಒಯ್ಯುವುದು ಹೆಚ್ಚಾಗಿ, ಹಾಗೆ ಬಿಟ್ಟುಹೋಗುವುದನ್ನೇ ಕಾನೂನು ತಡೆಯುತ್ತದೆ. ಒಂದೊಂದು ನಿಯಮಕ್ಕೂ ನ್ಯಾಯವಾದ ಕಾರಣವಿದೆ. ಎಲ್ಲವನ್ನೂ ಕೂಡಿಸಿದರೆ ಉಳಿಯುವ ದಾರಿ ಮಾತ್ರ ಒಂದೇ, ತೋಳು.

ಬೇರೆ ದಾರಿಯೇ ಇರಲಿಲ್ಲವೆ? ಇತ್ತು ಎಂದು ಕಡುಚಳಿಯ ಊರುಗಳೇ ತೋರಿಸಿವೆ. ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಎಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡುವ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಮೈನಸ್ 30ರಲ್ಲಿ ಎಣ್ಣೆ ಗಟ್ಟಿಯಾಗಿ ಎಂಜಿನ್ ತಿರುಗುವುದೇ ಇಲ್ಲ. ಆದ್ದರಿಂದ ಕೆನಡಾದ ಬಯಲುಸೀಮೆಯಲ್ಲಿ ಪಾರ್ಕಿಂಗ್ ಜಾಗಗಳಿಗೇ ಪ್ಲಗ್ ಪಾಯಿಂಟುಗಳು ಬಂದವು. ಫಿನ್‌ಲೆಂಡಿನಲ್ಲಿ ವಸತಿ ಸಮುಚ್ಚಯಗಳ ಅಂಗಳದಲ್ಲಿ ಟೈಮರ್ ಇರುವ ವಿದ್ಯುತ್ ಕಂಬಗಳೇ ನಿಂತಿವೆ. ಅದೇ ಕಂಬದಿಂದ ಕಾರಿನೊಳಗಿನ ಒಂದು ಸಣ್ಣ ಹೀಟರಿಗೂ ವಿದ್ಯುತ್ ಕೊಟ್ಟರೆ ಮಾಲೀಕ ಬರುವಷ್ಟರಲ್ಲಿ ಗಾಜಿನ ಹಿಮ ಸಡಿಲವಾಗಿರುತ್ತದೆ. ಹಾಗಾದರೆ ಲಂಡನ್, ಬರ್ಲಿನ್, ನ್ಯೂಯಾರ್ಕಿನಲ್ಲಿ ಆ ಕಂಬಗಳು ಏಕೆ ಬರಲಿಲ್ಲ? ಅಲ್ಲಿನ ಚಳಿಗೆ ಎಂಜಿನ್ ಹೇಗೋ ಚಾಲೂ ಆಗುತ್ತದೆ, ಅದೇ ಉತ್ತರ. ಯಂತ್ರ ಸೋತಲ್ಲಿ ಊರು ಖರ್ಚು ಮಾಡಿ ಕಂಬ ನೆಟ್ಟಿತು. ಮನುಷ್ಯನ ಬೆರಳು ಮಾತ್ರ ಮರಗಟ್ಟುವಲ್ಲಿ ನೆಡಲಿಲ್ಲ.

ಗಾಜನ್ನೇ ಕಾಯಿಸುವ ತಂತ್ರವೂ ಹೊಸದಲ್ಲ. 1974ರಲ್ಲಿ ಫೋರ್ಡ್ ತನ್ನ ಥಂಡರ್‌ಬರ್ಡ್ ಕಾರಿಗೆ, ಗಾಜಿನ ಪದರಗಳ ನಡುವೆ ತೆಳು ಬಂಗಾರದ ಲೇಪವಿದ್ದು ವಿದ್ಯುತ್ ಹರಿಸಿದರೆ ಕಾಯುವ ಗಾಜನ್ನು ಹೆಚ್ಚಿನ ಬೆಲೆಗೆ ಕೊಟ್ಟಿತು. 1985ರಲ್ಲಿ ಯುರೋಪಿನ ಫೋರ್ಡ್ ಸ್ಕಾರ್ಪಿಯೊದಲ್ಲಿ ಕೂದಲಿಗಿಂತ ತೆಳ್ಳಗಿನ ತಂತಿಗಳ ಗಾಜು ಬಂತು. ಒಂದು ಗುಂಡಿ ಒತ್ತಿದರೆ ಒಂದೆರಡು ನಿಮಿಷದಲ್ಲಿ ಹಿಮ ಜಾರುತ್ತದೆ. ಅದಾಗಿ ನಲವತ್ತು ವರ್ಷ. ಹಿಂದಿನ ಗಾಜಿನ ತಂತಿಗಳು ಸಾಮಾನ್ಯ ಕಾರುಗಳಿಗೂ ಬಂದವು, ಮುಂದಿನ ಗಾಜಿನ ತಂತಿಗಳು ಇವತ್ತಿಗೂ ಹೆಚ್ಚಿನ ಕಾರುಗಳಲ್ಲಿ ಇಲ್ಲ, ಇದ್ದರೂ ಪ್ರತ್ಯೇಕ ಬೆಲೆಗೆ. ರಾತ್ರಿ ಎದುರಿನ ದೀಪದ ಬೆಳಕು ತಂತಿಗಳ ಮೇಲೆ ಚದುರುತ್ತದೆ, ಕಲ್ಲು ಬಡಿದು ಗಾಜು ಒಡೆದರೆ ಬದಲಿಸುವ ಖರ್ಚು ದೊಡ್ಡದು ಎಂಬ ವಿವರಣೆಗಳಿವೆ, ಸುಳ್ಳಲ್ಲ. ಆದರೆ ಸೀಟ್‌ಬೆಲ್ಟಿಗೂ ಏರ್‌ಬ್ಯಾಗಿಗೂ ಖರ್ಚಿನ ವಾದ ಇತ್ತು. ಕಾನೂನು ಕೇಳಿದ ದಿನ ಅವು ಬಂದವು. ಗಾಜಿನ ವಿಷಯದಲ್ಲಿ ಕಾನೂನು ಕೇಳಿದ್ದು 20 ನಿಮಿಷವನ್ನಷ್ಟೇ.

ಇಷ್ಟಕ್ಕೂ ಐದು ನಿಮಿಷದ ಕೆಲಸ, ಇದಕ್ಕೆ ಇಷ್ಟೊಂದು ಚರಿತ್ರೆ ಬೇಕೆ ಎನ್ನುವವರಿಗೆ ಒಂದು ಮಾತು. ಆ ಐದು ನಿಮಿಷ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಡಿಸೆಂಬರ್ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಸೂರ್ಯ ಹುಟ್ಟುವುದು 8:15ರ ಹೊತ್ತಿಗೆ, ಸ್ಟಾಕ್‌ಹೋಮಿನಲ್ಲಿ 8:45ರ ಹೊತ್ತಿಗೆ. ಒಂಬತ್ತೂವರೆಗೆ ಹೊರಡುವವನಿಗೆ ಬಿಸಿಲು ಕೊಂಚವಾದರೂ ಕೈಜೋಡಿಸುತ್ತದೆ. ಬೆಳಗಿನ ಪಾಳಿಗೆ ಐದೂವರೆಗೆ ಹೊರಡುವ ನರ್ಸು, ಬೇಕರಿಯ ಕೆಲಸಗಾರ, ಕಚೇರಿ ತೆರೆಯುವ ಮುಂಚೆ ಗುಡಿಸಿ ಒರೆಸುವವರು ಹೆರೆಯುವುದು ಹಿಮ ಅತ್ಯಂತ ಗಟ್ಟಿಯಾಗಿರುವ ಹೊತ್ತಿನಲ್ಲಿ, ಅದೂ ಹೆಚ್ಚಾಗಿ ಬೀದಿಯಲ್ಲಿ ನಿಂತ, ಹಳೆಯ, ಗುಂಡಿಯಿಲ್ಲದ ಕಾರಿನ ಮೇಲೆ. ಲಿಫ್ಟಿನಲ್ಲಿ ಇಳಿದು ನೆಲಮಾಳಿಗೆಯ ಗ್ಯಾರೇಜಿನ ಕಾರಿಗೆ ಹೋಗುವವರಿಗೆ ಈ ಕೆಲಸ ಇದೆಯೆಂಬುದೇ ಮರೆತಿರುತ್ತದೆ.

ಎಲೆಕ್ಟ್ರಿಕ್ ಕಾರು ಇದನ್ನೂ ಮುಗಿಸುತ್ತದೆ ಎಂಬ ನಂಬಿಕೆ ಈಗ ಹರಡಿದೆ. ಹಾಸಿಗೆಯಲ್ಲೇ ಫೋನ್ ಒತ್ತಿದರೆ ಕಾರು ಹೊಗೆಯಿಲ್ಲದೆ ತಾನೇ ಬೆಚ್ಚಗಾಗುತ್ತದೆ, ಮಾತು ಸರಿ. ಮನೆಯ ಗೋಡೆಗೆ ಪ್ಲಗ್ ಚುಚ್ಚಿದ್ದರೆ ಆ ಶಾಖ ಊರಿನ ವಿದ್ಯುತ್ತಿನಿಂದ ಬರುತ್ತದೆ. ಬೀದಿಯಲ್ಲಿ ನಿಂತ ಕಾರಿಗೆ ಅದೇ ಶಾಖ ಬ್ಯಾಟರಿಯಿಂದ, ಅಂದರೆ ಅಂದಿನ ಪ್ರಯಾಣದ ಅಳತೆಯಿಂದ ಹೋಗಬೇಕು. ಚಳಿಯಲ್ಲಿ ಮೊದಲೇ ಕುಗ್ಗಿದ ಬ್ಯಾಟರಿಯನ್ನು ಉಳಿಸಿಕೊಳ್ಳಬೇಕಾದವನು ಮತ್ತೆ ಸ್ಕ್ರೇಪರ್ ಎತ್ತಿಕೊಳ್ಳುತ್ತಾನೆ. ಬೀದಿಗೆ ಕಂಬ ಬಾರದೆ, ಅಂಗಳಕ್ಕೆ ಸೂರು ಬಾರದೆ ಕಾರು ಮಾತ್ರ ಬದಲಾದರೆ ಈ ಹಂಚಿಕೆ ಹಾಗೇ ಮುಂದುವರಿಯುತ್ತದೆ ಎಂಬುದೇ ನನ್ನ ತೀರ್ಮಾನ.

ಆ ದೇಶಗಳಿಗೆ ನೌಕರಿಗೋ ಓದಿಗೋ ಹೊರಟಿರುವ ನಮ್ಮವರು ಬಾಡಿಗೆ ಮನೆ ನೋಡುವಾಗ ಅಡುಗೆಮನೆ, ಹೀಟಿಂಗು ಕೇಳುವಂತೆ ಕಾರಿಗೆ ಸೂರಿದೆಯೇ, ಪ್ಲಗ್ ಇದೆಯೇ ಎಂದೂ ಕೇಳಿಕೊಳ್ಳಿ. ಎರಡೂ ಇಲ್ಲದಿದ್ದರೆ ರಾತ್ರಿಯೇ ಗಾಜಿನ ಮೇಲೊಂದು ಹೊದಿಕೆ ಹಾಕಿಡಿ. ಮರೆತರೆ ಬೆಳಗ್ಗೆ ಅವಸರಕ್ಕೆ ಬಿಸಿನೀರು ಮಾತ್ರ ಸುರಿಯಬೇಡಿ; ಗಾಜಿನ ಹೊರಪದರ ಒಮ್ಮೆಲೇ ಹಿಗ್ಗಿ, ಕಲ್ಲು ಬಡಿದ ಒಂದು ಸಣ್ಣ ಚುಕ್ಕಿ ಇದ್ದರೂ ಸಾಕು, ಬಿರುಕು ಈ ತುದಿಯಿಂದ ಆ ತುದಿಗೆ ಓಡುತ್ತದೆ.